ತಳವನ್ನು ಬೆರಳಿನಿಂದ ತಿಳಿಯುವ ವಿದ್ಯೆ: ಬ್ಯಾಸ್ ಮೀನುಗಾರಿಕೆಯಲ್ಲಿ ನನ್ನ ಅನುಭವ

ಬ್ಯಾಸ್ ಎಂಬ ಸಿಹಿನೀರಿನ ಬೇಟೆ ಮೀನಿಗೆ ಗಾಳ ಹಾಕಲು ತೊಡಗಿದ ಮೊದಲ ಎರಡು ವರ್ಷ ನನ್ನ ಪೆಟ್ಟಿಗೆಯಲ್ಲಿ ಕೃತಕ ಎರೆಗಳಿಗೆ ಜಾಗ ಸಾಲುತ್ತಿರಲಿಲ್ಲ. ಹತ್ತು ಸಲ ಎಸೆದು ಮೀನು ಕಚ್ಚದಿದ್ದರೆ ಎರೆಯನ್ನೇ ಬದಲಿಸುತ್ತಿದ್ದೆ. ಹಾಗಾಗಿ ಯಾವ ಎರೆಯೂ ನನ್ನ ಕೈಗೆ ಪಳಗಲಿಲ್ಲ. ಮೂರನೆಯ ವರ್ಷದ ಬೇಸಿಗೆಯನ್ನು ಪೂರ್ತಿಯಾಗಿ ಪ್ಲಾಸ್ಟಿಕ್ ಹುಳುವೊಂದರಲ್ಲೇ ಕಳೆದೆ. ನೀರಿನ ತಳದಲ್ಲಿ ಏನಿದೆಯೆಂಬುದನ್ನು ದಾರದ ಮೂಲಕ ಬೆರಳಿನಿಂದ ತಿಳಿಯುವುದೇ ಈ ಮೀನುಗಾರಿಕೆಯ ಮುಖ್ಯ ವಿದ್ಯೆಯೆಂದು ನನಗೆ ಮನವರಿಕೆಯಾದದ್ದು ಆಗ.

ನಾನು ಹಿಡಿಯುವ ದೊಡ್ಡ ಬಾಯಿಯ ಜಾತಿ, ಲಾರ್ಜ್‌ಮೌತ್ ಬ್ಯಾಸ್, ಹೆಚ್ಚಾಗಿ ಮರೆಯಲ್ಲಿ ಹೊಂಚು ಹಾಕಿ ಬೇಟೆಯಾಡುವ ಮೀನು. ಮುಳುಗಿದ ಮರ, ಜೊಂಡಿನ ಅಂಚು, ಆಳ ಒಮ್ಮೆಲೇ ಹೆಚ್ಚುವ ಕಲ್ಲಿನ ಇಳಿಜಾರು ಇವೆಲ್ಲ ಅದರ ನೆಲೆಗಳು. ಗಾಳ ಸಿಕ್ಕಿಕೊಳ್ಳುವ ಜಾಗದಲ್ಲೇ ಮೀನು ಇರುವುದರಿಂದ, ಕೊಕ್ಕೆಯ ಮೊನೆಯನ್ನು ಹುಳುವಿನೊಳಗೆ ಅಡಗಿಸುವ ಟೆಕ್ಸಾಸ್ ರಿಗ್ ನನಗೆ ಎಲ್ಲಕ್ಕಿಂತ ಹೆಚ್ಚು ಉಪಕಾರ ಮಾಡಿದೆ. ಅಮೆರಿಕದ ಒಹಾಯೊ ರಾಜ್ಯದ ನಿಕ್ ಕ್ರೀಮ್ ಎಂಬವರು 1949ರಲ್ಲಿ ಮೆತ್ತನೆಯ ಪ್ಲಾಸ್ಟಿಕ್ ಹುಳುವನ್ನು ಅಚ್ಚು ಹಾಕಿದ ಮೇಲೆ ಈ ಬಗೆಯ ಎರೆ ಬಳಕೆಗೆ ಬಂತು. ಇಂದಿಗೂ ಅದಕ್ಕಿಂತ ನಂಬಿಕಸ್ಥ ಎರೆಯನ್ನು ನಾನು ಕಂಡಿಲ್ಲ.

ಟೆಕ್ಸಾಸ್ ರಿಗ್ ಕಟ್ಟುವ ಬಗೆ ಹೀಗೆ. ಬಂದೂಕಿನ ಗುಂಡಿನಾಕಾರದ ತೂಕವನ್ನು, ಅದರ ಚೂಪು ತುದಿ ಗಾಳದ ಕೋಲಿನ ಕಡೆಗೆ ಇರುವಂತೆ, ಮೊದಲು ದಾರಕ್ಕೆ ಪೋಣಿಸುತ್ತೇನೆ. ಎರಡೂವರೆಯಿಂದ ನಾಲ್ಕೂವರೆ ಮೀಟರ್ ಆಳಕ್ಕೆ ಕಾಲು ಔನ್ಸ್, ಅಂದರೆ ಸುಮಾರು 7 ಗ್ರಾಂ, ಸಾಕಾಗುತ್ತದೆ. ಆಮೇಲೆ 3/0 ಅಳತೆಯ ಅಗಲ ಬಾಗಿನ ಕೊಕ್ಕೆಯನ್ನು ದಾರವನ್ನು ಜೋಡಿಯಾಗಿ ಮಡಿಚಿ ಹಾಕುವ ಪಾಲೊಮಾರ್ ಗಂಟಿನಿಂದ ಕಟ್ಟಿ, ಬಿಗಿಯುವ ಮೊದಲು ಗಂಟನ್ನು ಒದ್ದೆ ಮಾಡುತ್ತೇನೆ. ಒಣಗಿದ ದಾರವನ್ನು ಎಳೆದರೆ ಉಜ್ಜಾಟದ ಬಿಸಿಗೆ ಅದು ಅಲ್ಲೇ ದುರ್ಬಲವಾಗುತ್ತದೆ. ಕೊಕ್ಕೆಯ ಮೊನೆಯನ್ನು ಹುಳುವಿನ ತಲೆಗೆ ಅರ್ಧ ಸೆಂಟಿಮೀಟರ್‌ನಷ್ಟು ಚುಚ್ಚಿ ಪಕ್ಕದಿಂದ ಹೊರತೆಗೆದು, ಕೊಕ್ಕೆಯ ಕಣ್ಣು ತಲೆಯೊಳಗೆ ಸೇರುವವರೆಗೆ ಎಳೆದು, ಅರ್ಧ ಸುತ್ತು ತಿರುಗಿಸುತ್ತೇನೆ. ಇನ್ನು ಕೊಕ್ಕೆಯನ್ನು ಹುಳುವಿನ ಪಕ್ಕದಲ್ಲಿ ಹಿಡಿದು, ಬಾಗು ಎಲ್ಲಿಗೆ ಬರುತ್ತದೆಂದು ಉಗುರಿನಿಂದ ಗುರುತು ಮಾಡಿ, ಅಲ್ಲೇ ಚುಚ್ಚಬೇಕು. ಗುರುತು ಎರಡು ಮಿಲಿಮೀಟರ್ ತಪ್ಪಿದರೂ ಹುಳು ಸೊಟ್ಟಗಾಗಿ ನೀರಿನಲ್ಲಿ ಗಿರಗಿರನೆ ತಿರುಗುತ್ತದೆ, ದಾರ ಮುರಿ ಹಾಕಿಕೊಳ್ಳುತ್ತದೆ. ಅಂತಹ ಹುಳುವನ್ನು ಮೀನು ಮುಟ್ಟುವುದು ಅಪರೂಪ. ಕೈಯಲ್ಲಿ ತೂಗುಬಿಟ್ಟಾಗ ನೆಟ್ಟಗೆ ನಿಲ್ಲದಿದ್ದರೆ ನಾನು ಮತ್ತೆ ಮೊದಲಿನಿಂದ ಪೋಣಿಸುತ್ತೇನೆ.

ಎಸೆದ ಮೇಲೆ ಅವಸರ ಕೂಡದು. ಎರೆ ತಳ ಮುಟ್ಟಿದಾಗ ದಾರ ಸಡಿಲವಾಗುತ್ತದೆ. ಕೋಲಿನ ತುದಿಯನ್ನು ಒಂದು ಅಡಿ ಎತ್ತಿ, ಮತ್ತೆ ಇಳಿಬಿಟ್ಟು, ಸಡಿಲವಾದಷ್ಟನ್ನು ಮಾತ್ರ ಸುತ್ತಿಕೊಳ್ಳುತ್ತೇನೆ. ಕಲ್ಲಾದರೆ ಕಟಕಟನೆ ತಾಗುತ್ತದೆ, ಕೆಸರಾದರೆ ಹಿಟ್ಟಿನಲ್ಲಿ ಎಳೆದಂತಿರುತ್ತದೆ, ಕೊಂಬೆಯಾದರೆ ಭಾರ ನಿಧಾನವಾಗಿ ಏರಿ ಒಮ್ಮೆಲೇ ಕಳಚುತ್ತದೆ. ಮೀನು ಕಚ್ಚಿದ್ದು ಕೆಲವೊಮ್ಮೆ ಬೆರಳಿನಿಂದ ಮೀಟಿದಂತೆ 'ಟಕ್' ಎಂದು ತಿಳಿಯುತ್ತದೆ. ಬಹಳ ಸಲ ಏನೂ ತಾಗದೆ ದಾರ ಪಕ್ಕಕ್ಕೆ ಸರಿಯುವುದಷ್ಟೇ ಕಾಣುತ್ತದೆ. ಹೀಗೆ ಸರಿದದ್ದನ್ನು ಗಾಳಿಯ ಕೆಲಸವೆಂದು ತಿಳಿದು ಎಷ್ಟು ಮೀನು ಬಿಟ್ಟುಕೊಟ್ಟೆನೆಂಬುದನ್ನು ನೆನೆದರೆ ಈಗಲೂ ಬೇಸರವಾಗುತ್ತದೆ.

ಈ ಸ್ಪರ್ಶಕ್ಕಾಗಿಯೇ ನಾನು ಏಳು ಅಡಿಯ, ತುದಿ ಬೇಗ ಬಾಗಿ ಬೇಗ ನೆಟ್ಟಗಾಗುವ ಗಟ್ಟಿ ಗ್ರ್ಯಾಫೈಟ್ ಕೋಲನ್ನೂ 15 ಪೌಂಡ್ ತಾಳುವ ಫ್ಲೋರೋಕಾರ್ಬನ್ ದಾರವನ್ನೂ ಬಳಸುತ್ತೇನೆ. ಈ ದಾರ ನೀರಿನಲ್ಲಿ ಮುಳುಗುತ್ತದೆ, ಕಲ್ಲಿನ ಉಜ್ಜಾಟವನ್ನು ಚೆನ್ನಾಗಿ ತಾಳುತ್ತದೆ, ನೀರೊಳಗೆ ನೈಲಾನಿಗಿಂತ ಕಡಿಮೆ ಕಾಣಿಸುತ್ತದೆ. ಹೆಣೆದ ದಾರ ತೇಲುವುದರಿಂದ ಅದನ್ನು ದಟ್ಟ ಜೊಂಡಿಗೂ ನೀರಿನ ಮೇಲ್ಮೈಯ ಎರೆಗಳಿಗೂ ಮೀಸಲಿಟ್ಟಿದ್ದೇನೆ. ಮೂರು ಮೊನೆಯ ಕೊಕ್ಕೆಗಳಿರುವ, ಎಳೆದಾಗ ಮುಳುಗಿ ಓಲಾಡುವ ಗಟ್ಟಿ ಎರೆಯಾದ ಕ್ರ್ಯಾಂಕ್‌ಬೈಟ್‌ಗೆ ಮಾತ್ರ ಮೆತ್ತಗೆ ಬಾಗುವ ಕೋಲು ಬೇಕು; ಗಟ್ಟಿ ಕೋಲಿನಲ್ಲಿ ಎಳೆದರೆ ಆ ಸಣ್ಣ ಕೊಕ್ಕೆಗಳು ಮೀನಿನ ಬಾಯಿಯಿಂದ ಕಿತ್ತುಬರುತ್ತವೆ. ಗಾಳಿಯಿಂದ ನೀರು ಕಲಕಿದ ದಿನ ಲೋಹದ ಎಲೆಗಳು ಮಿನುಗುತ್ತ ತಿರುಗುವ ಸ್ಪಿನ್ನರ್‌ಬೈಟ್ ಎರೆಯನ್ನು ಕಟ್ಟುತ್ತೇನೆ. ಬಣ್ಣದ ವಿಷಯದಲ್ಲಿ ತಿಳಿನೀರಿಗೆ ಕಂದು ಬೆರೆತ ಹಸಿರು, ಬಗ್ಗಡಕ್ಕೆ ಕಪ್ಪು ಇದ್ದರೆ ಸಾಕೆಂದು ನನ್ನ ಅಭಿಪ್ರಾಯ.

ದೋಣಿಯ ಪಾಠವನ್ನು ನಾನು ಕಷ್ಟಪಟ್ಟು ಕಲಿತೆ. ನನ್ನದು ಹದಿನಾಲ್ಕು ಅಡಿಯ, ಚಪ್ಪಟೆ ತಳದ ಅಲ್ಯೂಮಿನಿಯಂ ದೋಣಿ. ಮೂತಿಯಲ್ಲಿ 12 ವೋಲ್ಟಿನ ಟ್ರೋಲಿಂಗ್ ಮೋಟರ್, ಅಂದರೆ ದೋಣಿಯನ್ನು ನಿಧಾನವಾಗಿ ನಡೆಸುವ ಸಣ್ಣ ವಿದ್ಯುತ್ ಮೋಟರ್, ಇದೆ. ಒಂದು ದಿನ ಗಾಳಿಯ ಜೊತೆಗೇ ಹಾಯಾಗಿ ಬಹಳ ದೂರ ಸಾಗಿಬಿಟ್ಟೆ. ಮರಳುವಾಗ ಎದುರು ಗಾಳಿಗೆ ಮೋಟರನ್ನು ಪೂರ್ತಿ ವೇಗದಲ್ಲಿ ಓಡಿಸಿದ್ದರಿಂದ ಅರ್ಧ ದಾರಿಯಲ್ಲಿ ಬ್ಯಾಟರಿ ಖಾಲಿಯಾಯಿತು, ಎರಡು ಗಂಟೆ ಹುಟ್ಟು ಹಾಕಿ ದಡ ಸೇರಬೇಕಾಯಿತು. ಇಂತಹ ಮೋಟರ್ ಪೂರ್ತಿ ವೇಗದಲ್ಲಿ ಸುಮಾರು 50 ಆಂಪಿಯರ್ ಎಳೆಯುತ್ತದೆ. 100 ಆಂಪಿಯರ್-ಅವರ್‌ನ ಸೀಸ-ಆಮ್ಲ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದೆಂದರೆ ಕೈಗೆ ಸಿಗುವುದು ಹೆಚ್ಚೆಂದರೆ ಒಂದು ಗಂಟೆ. ಅಂದಿನಿಂದ ನಾನು ಮೊದಲು ಗಾಳಿಗೆ ಎದುರಾಗಿ ಹೋಗಿ, ಗಾಳಿಯ ಜೊತೆ ಹಿಂದಿರುಗುತ್ತೇನೆ. ಹುಟ್ಟು ಯಾವಾಗಲೂ ದೋಣಿಯಲ್ಲಿರುತ್ತದೆ, ಲೈಫ್ ಜಾಕೆಟ್ ಮೈಮೇಲಿರುತ್ತದೆ.

ಜಾಗ ಹತ್ತಿರವಾದಂತೆ ಮೋಟರಿನ ವೇಗ ತಗ್ಗಿಸಿ, ದೋಣಿಯ ಮೂತಿಯನ್ನು ಗಾಳಿಗೆ ತಿರುಗಿಸಿ ನಿಲ್ಲುತ್ತೇನೆ; ಬೆನ್ನಿಗೆ ಗಾಳಿ ಬಿದ್ದರೆ ದೋಣಿ ಮೀನಿನ ನೆತ್ತಿಯ ಮೇಲೆಯೇ ತೇಲಿ ಹೋಗುತ್ತದೆ. ಅಲ್ಯೂಮಿನಿಯಂ ಸದ್ದನ್ನು ನೇರವಾಗಿ ನೀರಿಗೆ ದಾಟಿಸುತ್ತದೆ. ಇಕ್ಕಳವೊಂದು ಕೈಜಾರಿ ದೋಣಿಯ ತಳಕ್ಕೆ ಬಿದ್ದ ಮೇಲೆ, ಅದುವರೆಗೆ ಕಚ್ಚುತ್ತಿದ್ದ ಮೀನುಗಳು ಪೂರ್ತಿ ಸುಮ್ಮನಾದದ್ದನ್ನು ಕಂಡು, ಮರುದಿನವೇ ನೆಲಕ್ಕೆ ದಪ್ಪ ಕಾರ್ಪೆಟ್ ಅಂಟಿಸಿದೆ.

ಮೀನು ಸಿಕ್ಕಿದಾಗ ಕೈಯನ್ನು ಒದ್ದೆ ಮಾಡಿಕೊಂಡು ಕೆಳದವಡೆಯನ್ನು ಹೆಬ್ಬೆರಳಿನಿಂದ ಹಿಡಿಯುತ್ತೇನೆ. ದೊಡ್ಡ ಮೀನಾದರೆ ಇನ್ನೊಂದು ಕೈಯನ್ನು ಹೊಟ್ಟೆಯ ಕೆಳಗೆ ಆಸರೆಯಾಗಿ ಕೊಡುತ್ತೇನೆ, ದವಡೆಯೊಂದರ ಮೇಲೆಯೇ ಅದರ ಭಾರ ಬೀಳಬಾರದು. ಅದನ್ನು ನೀರಿಗೆ ಬಿಟ್ಟ ಕೂಡಲೇ ಮುಂದಿನ ಎಸೆತಕ್ಕೆ ಹೋಗದೆ, ಕೊಕ್ಕೆಯ ಮೇಲಿನ ಒಂದು ಮೀಟರ್ ದಾರವನ್ನು ಎರಡು ಬೆರಳುಗಳ ನಡುವೆ ಎಳೆದು ನೋಡುತ್ತೇನೆ. ಎಲ್ಲಿ ಒರಟಾಗಿ ತಾಗಿತೋ ಅಲ್ಲಿಗೆ ಕತ್ತರಿಸಿ ಹೊಸ ಗಂಟು ಹಾಕುತ್ತೇನೆ.