ಮಂಡಿ ಆಪರೇಷನ್ ಆದವರ ಮಾತು ಕೇಳಿ ವಾರ್ಡಿನ ಕೆಲಸ ತಿದ್ದಿಕೊಂಡ ಬಗೆ

ಮಂಡಿ ಬದಲಿ ಆಪರೇಷನ್ ಮಾಡಿಸಿಕೊಂಡವರನ್ನು ಸರ್ಜನ್ನೇ ‘ಹೇಗಿದ್ದೀರಿ?’ ಎಂದು ಕೇಳಿದರೆ, ‘ನಿಮ್ಮ ದಯೆಯಿಂದ ಚೆನ್ನಾಗಿದ್ದೀನಿ ಸಾರ್’ ಎಂಬ ಉತ್ತರವೇ ಬರುವುದು. ಅದನ್ನಿಟ್ಟುಕೊಂಡು ಏನನ್ನೂ ತಿದ್ದಲಾಗದು. ಹಾಗಾಗಿ ಆಪರೇಷನ್ ಆದವರ ಅನುಭವ ಕೇಳಲು ನಾವು ನಡೆಸುವ ಸಭೆಗಳಲ್ಲಿ ಮೊದಲು ಕೂರುವವರು ಫಿಸಿಯೋ (ವ್ಯಾಯಾಮ ಮಾಡಿಸುವವರು) ಮತ್ತು ನರ್ಸ್ ಮಾತ್ರ. ಎಂಟು ಜನ ರೋಗಿಗಳು ಸಾಕು. ಅರ್ಧದಷ್ಟು ಆರು ವಾರ ಕಳೆದವರು, ಉಳಿದವರು ವರ್ಷ ಕಳೆದವರು. ವರ್ಷವಾದವರಿಗೆ ನೋವಿನ ರಾತ್ರಿಗಳು ಮರೆತಿರುತ್ತವೆ. ನೋಡಿಕೊಂಡ ಸೊಸೆ, ಮಗಳನ್ನು ಬೇರೆ ಕೋಣೆಯಲ್ಲಿ ಮಾತಾಡಿಸಬೇಕು, ಇಲ್ಲದಿದ್ದರೆ ರೋಗಿಯ ಉತ್ತರವನ್ನೂ ಅವರೇ ಕೊಡುತ್ತಾರೆ. ಕೈಯಿರುವ ಎತ್ತರದ ಕುರ್ಚಿ, ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಲು ಬಿಡುವು, ಆಟೋ ಖರ್ಚು ಇವಿಲ್ಲದಿದ್ದರೆ ಚೆನ್ನಾಗಿ ನಡೆಯುವವರಷ್ಟೇ ಬರುತ್ತಾರೆ.

ಕೇಳಬೇಕಾದ್ದು, ‘ಮನೆಗೆ ಹೋದ ಮೊದಲ ರಾತ್ರಿ ಏನೇನಾಯಿತು?’ ದಿಂಬಿನ ವಿಷಯ ತಿಳಿದದ್ದು ಹೀಗೆಯೇ. ಡಿಸ್ಚಾರ್ಜ್ ಚೀಟಿಯಲ್ಲಿ ‘ಕಾಲನ್ನು ದಿಂಬಿನ ಮೇಲಿಡಿ’ ಎಂದಷ್ಟೇ ಇತ್ತು. ಹಲವರು ದಿಂಬನ್ನು ಮಂಡಿಯ ಕೆಳಗಿಟ್ಟು ಮಲಗುತ್ತಿದ್ದರು. ಹಾಗೆ ಹಿತವೆನಿಸುವುದು ನಿಜ, ಆದರೆ ಮಂಡಿ ಬಾಗಿಯೇ ಇದ್ದು ಹಿಂಭಾಗ ಬಿಗಿಯುತ್ತದೆ, ಕಾಲು ಪೂರ್ತಿ ನೇರವಾಗುವುದಿಲ್ಲ, ಕುಂಟು ಉಳಿಯುತ್ತದೆ. ಈಗ ಹಿಮ್ಮಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟ ಚಿತ್ರವಿದೆ. ಅಚ್ಚಿಗೆ ಕೊಡುವ ಮೊದಲು ಹೊಸ ಚೀಟಿಯನ್ನು ಇನ್ನೂ ಆಪರೇಷನ್ ಆಗದವರಿಗೆ ಕೊಟ್ಟು, ‘ಮಂಚದ ಮೇಲೆ ಮಾಡಿ ತೋರಿಸಿ’ ಎನ್ನುತ್ತೇವೆ. ಅವರು ತಪ್ಪಾಗಿ ಮಾಡಿದರೆ ಚೀಟಿಯನ್ನೇ ಬದಲಿಸುತ್ತೇವೆ.

ಮನೆಯಲ್ಲಿ ಕೂರುವ ಕಮೋಡ್ ಬೇಕು ಎಂಬ ಮಾತನ್ನು ಡಿಸ್ಚಾರ್ಜ್ ದಿನ ಹೇಳಿ ಪ್ರಯೋಜನವಿಲ್ಲ ಎಂದವರೂ ರೋಗಿಗಳೇ. ಮೇಸ್ತ್ರಿ ಸಿಗಲು, ಗೋಡೆಗೆ ಹಿಡಿಕೆ ಕೂರಿಸಲು ವಾರಗಳೇ ಬೇಕು. ಆಪರೇಷನ್ ದಿನಾಂಕ ಕೊಡುವಾಗಲೇ ಮಂಚದ ಎತ್ತರ, ಮೆಟ್ಟಿಲು, ಶೌಚಾಲಯ ವಿಚಾರಿಸುತ್ತೇವೆ. ಬಾಡಿಗೆ ಮನೆಯಾದರೆ ಕಮೋಡ್ ಕುರ್ಚಿ ತರಿಸುತ್ತೇವೆ.

ಮಂಡಿ ಎಷ್ಟು ಸುಧಾರಿಸಿತು ಎಂದು ಅಳೆಯಲು ಆಕ್ಸ್‌ಫರ್ಡ್ ನೀ ಸ್ಕೋರ್ ಎಂಬ, ರೋಗಿಯೇ ಉತ್ತರಿಸುವ ಪ್ರಶ್ನಾವಳಿ ಬಳಸುತ್ತೇವೆ: 12 ಪ್ರಶ್ನೆ, ಪ್ರತಿಯೊಂದಕ್ಕೂ 0ಯಿಂದ 4 ಅಂಕ, ಒಟ್ಟು 48. ಇಂಗ್ಲೆಂಡಿನಲ್ಲಿ 2009ರಿಂದ ನಡೆದುಬಂದಂತೆ ಆಪರೇಷನ್ನಿಗೆ ಮುಂಚೆ ಒಮ್ಮೆ, ಆಪರೇಷನ್ ಆಗಿ ಆರು ತಿಂಗಳಾದಾಗ ಇನ್ನೊಮ್ಮೆ. ಅದರಲ್ಲಿ ಮೆಟ್ಟಿಲಿಳಿಯುವುದು, ಅಂಗಡಿಗೆ ಹೋಗುವುದು ಇವೆ. ಚಕ್ಕಳಮಕ್ಕಳ ಕೂರುವುದಾಗಲಿ, ಪೂಜೆಗೆ ನೆಲದ ಮೇಲೆ ಕೂತು ಏಳುವುದಾಗಲಿ ಇಲ್ಲ. ನಮ್ಮವರಿಗೆ ಅದೇ ಮುಖ್ಯ. ಅದನ್ನು ಬೇರೆ ಹಾಳೆಯಲ್ಲಿ ಬರೆಸುತ್ತೇವೆ. 48ರೊಳಗೆ ಸೇರಿಸಿದರೆ ಬೇರೆಡೆಯ ಅಂಕಗಳ ಜೊತೆ ಹೋಲಿಸಲಾಗದು.

ಎಲ್ಲ ಬೇಡಿಕೆಗಳನ್ನೂ ಪೂರೈಸಲಾಗದು. ಆಪರೇಷನ್ ನಂತರ ಮಂಡಿ ಎಷ್ಟು ಮಡಚೀತು ಎಂಬುದು ಬಹುಮಟ್ಟಿಗೆ ಅದಕ್ಕೆ ಮುಂಚೆ ಎಷ್ಟು ಮಡಚುತ್ತಿತ್ತು ಎಂಬುದನ್ನು ಅವಲಂಬಿಸಿದೆ. ನೆಲದ ಮೇಲೆ ಕೂರುವ ಭರವಸೆ ಕೇಳಿದವರಿಗೆ ಈ ಮಾತನ್ನು ಮುಂದಿನ ಸಭೆಯಲ್ಲಿ ಸರ್ಜನ್ನೇ ಬಂದು, ಕಾರಣ ಸಮೇತ ಹೇಳುತ್ತಾರೆ.