ಕುಂಬಾರ ಕಪ್ಪೆಯ ಕೂಗು ರೆಕಾರ್ಡ್ ಮಾಡುವ ಬಗೆ

ಕುಂಬಾರ ಕಪ್ಪೆ ಎಂದರೆ ಮೊಟ್ಟೆಗೆ ಕೆಸರು ಮೆತ್ತುವ ಮಲೆನಾಡಿನ ಕಪ್ಪೆ. ಇಲ್ಲಿ ಕಪ್ಪೆ ಕೂಗಿನ ರೆಕಾರ್ಡಿಂಗಿಗೆ ಮೊದಲ ಶತ್ರು ನೀರಿನ ಸದ್ದು. ಝರಿ ಮೈಕಿನ ಪಕ್ಕಕ್ಕೋ ಹಿಂದಕ್ಕೋ ಬರುವ ಹಾಗೆ ನಾನು ಕೂರುತ್ತೇನೆ. ಮುಂದಿನ ಸದ್ದನ್ನೇ ಹೆಚ್ಚಾಗಿ ಹಿಡಿಯುವ ಉದ್ದನೆಯ ಶಾಟ್‌ಗನ್ ಮೈಕ್ ಆ ಕಡೆಯ ಸದ್ದನ್ನು ಸಾಕಷ್ಟು ತಗ್ಗಿಸುತ್ತದೆ. ಕಪ್ಪೆಗೂ ಮೈಕಿಗೂ ಅರ್ಧದಿಂದ ಒಂದು ಮೀಟರ್ ಅಂತರ. ಇನ್ನೂ ಹತ್ತಿರ ಹೋದರೆ ಅದು ಸುಮ್ಮನಾಗುತ್ತದೆ.

ಫೈಲ್ ವೇವ್ (ಸದ್ದನ್ನು ಕುಗ್ಗಿಸದೆ ಉಳಿಸುವ) ರೂಪದಲ್ಲಿ, ಸ್ಯಾಂಪಲಿಂಗ್ ದರ 44.1 ಕಿಲೋಹರ್ಟ್ಸ್, 24 ಬಿಟ್. ಕೂಗಿನ ಅತಿ ಜೋರಾದ ಹಂತವೂ ರೆಕಾರ್ಡರ್ ಮೀಟರಿನಲ್ಲಿ ಮೈನಸ್ 12 ಡೆಸಿಬೆಲ್ ದಾಟದಂತೆ ಗೇನ್ (ಸದ್ದು ಹಿಗ್ಗಿಸುವ ಮಟ್ಟ) ಇಡುತ್ತೇನೆ. ಈ ಮಟ್ಟವನ್ನು ತಾನೇ ಏರಿಳಿಸುವ ಆಟೋ ಗೇನ್ ಕಡ್ಡಾಯವಾಗಿ ಬಂದ್: ಎರಡು ಕೂಗುಗಳ ನಡುವಿನ ಮೌನದಲ್ಲಿ ಅದು ಝರಿಯ ಸದ್ದನ್ನು ಎತ್ತಿಬಿಡುತ್ತದೆ, ಕೂಗಿನ ಏರಿಳಿತವೂ ಕೆಡುತ್ತದೆ. ಸದ್ದನ್ನು ಕುಗ್ಗಿಸುವ ಎಂಪಿ3 ಕೇಳಲಿಕ್ಕೆ ಸಾಕು, ಕೂಗನ್ನು ಅಳೆಯಲಿಕ್ಕಲ್ಲ.

ಕೂಗಿದ್ದು ಯಾವ ಕಪ್ಪೆ ಎಂದು ಕಣ್ಣಾರೆ ಕಾಣಬೇಕು. ಕೆಂಪು ಟಾರ್ಚಿನಲ್ಲಿ ದನಿಚೀಲ ಉಬ್ಬುವುದನ್ನು ನೋಡಿದ ಮೇಲೆಯೇ ಆ ಕೂಗನ್ನು ಆ ಗಂಡಿನ ಲೆಕ್ಕಕ್ಕೆ ಸೇರಿಸುತ್ತೇನೆ. ಪಕ್ಕದಲ್ಲಿ ಇನ್ನೊಂದು ಗಂಡಿದ್ದರೆ ಅದನ್ನೂ ಮೈಕಿಗೇ ಹೇಳುತ್ತೇನೆ. ಹೆಣ್ಣನ್ನು ಕರೆಯುವ ಕೂಗು ಬೇರೆ, ಎದುರಾಳಿಯನ್ನು ಗದರಿಸುವ ಕೂಗು ಬೇರೆ.

ಬಹಳ ಜನ ಬಿಡುವುದು ತಾಪಮಾನವನ್ನು. ಕಪ್ಪೆ ಶೀತರಕ್ತ ಪ್ರಾಣಿ. ತಂಪು ಹೆಚ್ಚಿದಂತೆ ಕೂಗಿನ ಲಯ ನಿಧಾನವಾಗುತ್ತದೆ. ತಾಪಮಾನದ ಅಂಕಿ ಇಲ್ಲದಿದ್ದರೆ ಎರಡು ರಾತ್ರಿಯ ಧ್ವನಿಗಳನ್ನು ಹೋಲಿಸುವುದೇ ತಪ್ಪು. ಕಪ್ಪೆ ಕುಳಿತ ಜಾಗದಲ್ಲೇ ಗಾಳಿಯದೂ ನೀರಿನದೂ ಅಳೆದು, ಕೊನೆಗೆ ಕ್ಯಾಲಿಪರ್‌ನಿಂದ ಮೂತಿಯಿಂದ ಗುದದವರೆಗಿನ ಉದ್ದ ತೆಗೆಯುತ್ತೇನೆ. ಮೊದಲೇ ಹಿಡಿದರೆ ಮತ್ತೆ ಕೂಗಿಸುವುದು ಕಷ್ಟ. ದೊಡ್ಡ ದೇಹದ ಕಪ್ಪೆಗಳ ದನಿ ಸಾಮಾನ್ಯವಾಗಿ ದಪ್ಪ, ಹಾಗಾಗಿ ಈ ಅಳತೆಯೂ ಬೇಕೇ ಬೇಕು.

ಉತ್ತರ ಕನ್ನಡದ ಕತ್ತಲೆಕಾನಿನ ಕುಂಬಾರ ಕಪ್ಪೆಯನ್ನು ವಿಜ್ಞಾನಕ್ಕೆ ಪರಿಚಯಿಸಿದ್ದು 2014ರಲ್ಲಿ. ಇದರಲ್ಲಿ ಕೂಗಿನ ಜೊತೆ ನಡವಳಿಕೆಯನ್ನೂ ಹಿಡಿಯಲೇಬೇಕು. ನೀರಿನ ಮೇಲೆ ಚಾಚಿದ ಕಡ್ಡಿಗೆ ಮೊಟ್ಟೆ ಅಂಟಿದ ಮೇಲೆ ಗಂಡು ಹಿಂಗಾಲ ಮೇಲೆ ನಿಂತು, ಮುಂಗೈಗಳಿಂದ ಕೆಸರು ಎತ್ತಿ ಮೊಟ್ಟೆಗೆ ಮೆತ್ತುತ್ತದೆ. ಇಂಥ ಬೇರೆ ಕಪ್ಪೆ ನನಗೆ ಗೊತ್ತಿಲ್ಲ. ಅದನ್ನು ನೋಡುವುದೇ ಒಂದು ಭಾಗ್ಯ. ಆ ಹೊತ್ತಿಗೆ ಟಾರ್ಚ್ ಮಂದ ಮಾಡಿ ಮೈಕ್ ಅಲ್ಲಾಡಿಸದೆ ಇಟ್ಟುಬಿಡುತ್ತೇನೆ.

ಮೊಬೈಲಿನಲ್ಲಿ ಕೂಗು ಕೇಳಿಸಿ ಗಂಡನ್ನು ಹೊರಡಿಸುವುದನ್ನು ಇಲ್ಲಿ ಮಾಡಲೇಬಾರದು. ಎದುರಾಳಿ ಬಂದನೆಂದು ಅದು ಹೆಣ್ಣನ್ನೂ ಕಡ್ಡಿಯನ್ನೂ ಬಿಟ್ಟು ಸದ್ದಿನತ್ತ ತಿರುಗಬಹುದು. ಮೆತ್ತುವ ಕೆಲಸ ಅರ್ಧಕ್ಕೆ ನಿಂತರೆ ಮೊಟ್ಟೆ ಬೋಳಾಗಿಯೇ ಉಳಿಯುತ್ತದೆ.