‘ಪಾಪರ್ ಆದರಂತೆ’ ಎಂಬ ಸುದ್ದಿ ಬಂದಾಗ: ಕೊಡಗಿನಲ್ಲಿ ದಿವಾಳಿ ಪ್ರಕರಣದ ಕಡತ ಹುಡುಕುವ ಬಗೆ

ಮೆಣಸು ಕೊಯ್ದು, ಒಣಗಿಸಿ, ಪರಿಚಯದ ವ್ಯಾಪಾರಿಯ ಮಳಿಗೆಗೆ ಹಾಕಿ, ಹಣವನ್ನು ಮುಂದಿನ ತಿಂಗಳು ತೆಗೆದುಕೊಳ್ಳುವುದು ಕೊಡಗಿನ ಬೆಳೆಗಾರರಿಗೆ ಹೊಸದಲ್ಲ. ಕೈಬರಹದ ಒಂದು ಚೀಟಿ ಮತ್ತು ಹಲವು ವರ್ಷಗಳ ನಂಬಿಕೆ, ಇವೆರಡರ ಮೇಲೆಯೇ ದೊಡ್ಡ ಮೊತ್ತದ ವ್ಯವಹಾರ ನಡೆದುಹೋಗುತ್ತದೆ. ಹೀಗಿರುವಾಗ ಒಂದು ಬೆಳಿಗ್ಗೆ ಮಳಿಗೆಯ ಬಾಗಿಲು ತೆರೆಯದೆ, ‘ಅವರು ಪಾಪರ್ ಆದರಂತೆ, ಕೋರ್ಟಿಗೆ ಹಾಕಿದ್ದಾರಂತೆ’ ಎಂಬ ಮಾತು ಸಂತೆಯಲ್ಲಿ ಹರಡಿದರೆ, ಬಾಕಿ ಬರಬೇಕಾದ ಅನೇಕರು ಹಣದ ಆಸೆಯನ್ನೇ ಬಿಟ್ಟು ಕೂರುತ್ತಾರೆ. ಹಾಗೆ ಬಿಡಬೇಕಾಗಿಲ್ಲ. ದಿವಾಳಿ ಅರ್ಜಿ ಗುಟ್ಟಿನ ಕಾಗದವಲ್ಲ. ಅದಕ್ಕೊಂದು ಸಂಖ್ಯೆ, ಒಂದು ಕಡತ, ಒಂದು ವಿಚಾರಣೆಯ ದಿನಾಂಕ ಇರುತ್ತದೆ. ಅದನ್ನು ಹುಡುಕಬಹುದು, ಅದರಲ್ಲಿ ನಮ್ಮ ಹೆಸರು ಇದೆಯೇ ಎಂದು ನೋಡಬಹುದು, ಇಲ್ಲದಿದ್ದರೆ ಸೇರಿಸಬಹುದು.

ಮೊದಲು ಪದವನ್ನೇ ಬಿಡಿಸಿಕೊಳ್ಳೋಣ. ನ್ಯಾಯಾಲಯ ಶುಲ್ಕ ಕಟ್ಟಲು ಶಕ್ತಿಯಿಲ್ಲದವರು ಸಿವಿಲ್ ಪ್ರಕ್ರಿಯಾ ಸಂಹಿತೆಯ 33ನೇ ಆದೇಶದಡಿ ದಾವೆ ಹೂಡಲು ಅನುಮತಿ ಕೇಳುವುದನ್ನೂ ನಮ್ಮ ಜನ ‘ಪಾಪರ್ ಅರ್ಜಿ’ ಎನ್ನುತ್ತಾರೆ, ಸಾಲ ತೀರಿಸಲಾಗದೆ ದಿವಾಳಿಯೆಂದು ಘೋಷಿಸಿಕೊಳ್ಳಲು ಹಾಕುವುದನ್ನೂ ಹಾಗೆಯೇ ಕರೆಯುತ್ತಾರೆ. ಮೊದಲನೆಯದಕ್ಕೂ ನಿಮ್ಮ ಬಾಕಿಗೂ ಸಂಬಂಧವಿಲ್ಲ. ಅಂತೆಯೇ ಬ್ಯಾಂಕಿನವರು ಪತ್ರಿಕೆಯಲ್ಲಿ ಪ್ರಕಟಿಸುವ ಅಡಮಾನ ಆಸ್ತಿಯ ಹರಾಜು ಪ್ರಕಟಣೆ ಸಾಲ ವಸೂಲಿಯ ಕ್ರಮವೇ ಹೊರತು ದಿವಾಳಿಯ ಘೋಷಣೆಯಲ್ಲ.

ಯಾವ ನ್ಯಾಯಾಲಯ?

ಹಳೆಯ ಬಿಲ್ಲನ್ನೋ ರಸೀದಿಯನ್ನೋ ತೆಗೆದು ಮಳಿಗೆಯ ಪೂರ್ಣ ಹೆಸರನ್ನು ಓದಿ. ಕೊನೆಯಲ್ಲಿ ‘ಪ್ರೈವೇಟ್ ಲಿಮಿಟೆಡ್’ ಅಥವಾ ‘ಎಲ್‌ಎಲ್‌ಪಿ’ (ಸೀಮಿತ ಹೊಣೆಯ ಪಾಲುದಾರಿಕೆ) ಎಂದಿದ್ದರೆ ಪ್ರಕರಣ ನಡೆಯುವುದು ಬೆಂಗಳೂರಿನ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯಲ್ಲಿ. ವ್ಯಕ್ತಿಯೊಬ್ಬರ ಅಥವಾ ಸಾಮಾನ್ಯ ಪಾಲುದಾರಿಕೆಯ ಹೆಸರಿದ್ದರೆ ಅದು ಜಿಲ್ಲೆಯ ಸಿವಿಲ್ ನ್ಯಾಯಾಲಯದ ವಿಷಯ. 2016ರಲ್ಲಿ ಹೊಸ ದಿವಾಳಿ ಸಂಹಿತೆ ಬಂದಿದ್ದರೂ, ವ್ಯಕ್ತಿಗಳಿಗೆ ಸಂಬಂಧಿಸಿದ ಅದರ ಮೂರನೆಯ ಭಾಗ, ಕಂಪನಿಗಳ ಸಾಲಕ್ಕೆ ಜಾಮೀನು ನಿಂತವರ ಮಟ್ಟಿಗೆ 2019ರ ಡಿಸೆಂಬರ್ 1ರಿಂದ ಜಾರಿಯಾಗಿರುವುದನ್ನು ಬಿಟ್ಟರೆ, ಉಳಿದವರಿಗೆ ಇನ್ನೂ ಅನ್ವಯವಾಗಿಲ್ಲ. ಆದ್ದರಿಂದ ಮಡಿಕೇರಿಯ ವ್ಯಾಪಾರಿಗೂ ಸಿದ್ದಾಪುರದ ತೋಟದ ಮಾಲೀಕರಿಗೂ ಇಂದಿಗೂ ಅನ್ವಯಿಸುವುದು 1920ರ ಪ್ರಾಂತೀಯ ದಿವಾಳಿ ಕಾಯಿದೆಯೇ. ಅದರ ಪ್ರಕಾರ ಅಧಿಕಾರವಿರುವುದು ಜಿಲ್ಲಾ ನ್ಯಾಯಾಲಯಕ್ಕೆ. ರಾಜ್ಯ ಸರ್ಕಾರ ಅಧಿಸೂಚನೆಯ ಮೂಲಕ ಅಧೀನ ನ್ಯಾಯಾಲಯಕ್ಕೂ ಆ ಅಧಿಕಾರ ಕೊಡಬಹುದು.

ಸಾಲಗಾರ ಸಾಮಾನ್ಯವಾಗಿ ವಾಸಿಸುವ, ವ್ಯಾಪಾರ ಮಾಡುವ ಅಥವಾ ದುಡಿಯುವ ಸ್ಥಳದ ನ್ಯಾಯಾಲಯದಲ್ಲಿ ಅರ್ಜಿ ಹಾಕಬಹುದೆಂಬುದು ನಿಯಮ. ಕುಶಾಲನಗರದ ಕಡೆಯವರು ಇದನ್ನು ಮರೆಯಬಾರದು. ಕಾವೇರಿ ದಾಟಿದರೆ ಮೈಸೂರು ಜಿಲ್ಲೆ. ಮಳಿಗೆ ಇಲ್ಲಿದ್ದು ಮನೆ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿದ್ದರೆ ಕಡತ ಅಲ್ಲಿಯೂ ಇರಬಹುದು.

ಹುಡುಕುವ ಕ್ರಮ

ಇ-ಕೋರ್ಟ್ಸ್ ಜಾಲತಾಣದಲ್ಲಿಯೋ ಅದರ ಮೊಬೈಲ್ ಆ್ಯಪ್‌ನಲ್ಲಿಯೋ ಕರ್ನಾಟಕ, ಕೊಡಗು ಎಂದು ಆರಿಸಿ, ನ್ಯಾಯಾಲಯ ಸಂಕೀರ್ಣವನ್ನು ಗೊತ್ತುಮಾಡಿ, ಕಕ್ಷಿದಾರರ ಹೆಸರಿನಿಂದ ಹುಡುಕಬೇಕು. ಮಡಿಕೇರಿಯಿಂದ ಆರಂಭಿಸಿ, ಸಿಗದಿದ್ದರೆ ವಿರಾಜಪೇಟೆ, ಸೋಮವಾರಪೇಟೆಗಳನ್ನೂ ನೋಡಿ. ವರ್ಷವನ್ನು ಬದಲಿಸುತ್ತಾ, ಬಾಕಿ ಇರುವ ಮತ್ತು ಇತ್ಯರ್ಥವಾದ ಪ್ರಕರಣಗಳೆರಡನ್ನೂ ಪರಿಶೀಲಿಸಬೇಕು.

ನಮ್ಮ ಜಿಲ್ಲೆಯಲ್ಲಿ ಇದು ಹೇಳಿದಷ್ಟು ಸುಲಭವಲ್ಲ. ಪೂವಯ್ಯ, ಬೋಪಯ್ಯ, ಪೊನ್ನಪ್ಪ ಎಂಬ ಹೆಸರುಗಳು ಪ್ರತಿ ಊರಿನಲ್ಲೂ ಇವೆ. ಮನೆತನದ ಹೆಸರು ಕೆಲವೊಮ್ಮೆ ಪೂರ್ಣವಾಗಿ, ಕೆಲವೊಮ್ಮೆ ಒಂದೇ ಅಕ್ಷರವಾಗಿ ದಾಖಲಾಗಿರುತ್ತದೆ. ಇಂಗ್ಲಿಷ್ ಕಾಗುಣಿತವಂತೂ ಗುಮಾಸ್ತರಿಂದ ಗುಮಾಸ್ತರಿಗೆ ಬದಲಾಗುತ್ತದೆ. ಆದ್ದರಿಂದ ಹೆಸರಿನ ಒಂದು ಭಾಗವನ್ನಷ್ಟೇ ಕೊಟ್ಟು ಹುಡುಕಿ, ಬಂದ ಫಲಿತಾಂಶದಲ್ಲಿ ತಂದೆಯ ಹೆಸರು ಮತ್ತು ಊರನ್ನು ತಾಳೆ ನೋಡಿ. ಹೆಸರೊಂದೇ ಹೊಂದಿತೆಂದು ಬೇರೊಬ್ಬರನ್ನು ದಿವಾಳಿ ಎಂದು ಊರಲ್ಲಿ ಹೇಳುವುದು ದೊಡ್ಡ ಅನ್ಯಾಯ. ಅರ್ಜಿಯನ್ನು ಸಾಲ ಕೊಟ್ಟವರೂ ಹಾಕಬಹುದಾದ್ದರಿಂದ ನೀವು ಹುಡುಕುತ್ತಿರುವವರು ಪ್ರತಿವಾದಿಯ ಸ್ಥಾನದಲ್ಲಿಯೂ ಇರಬಹುದು. ಪ್ರಕರಣ ಸಿಕ್ಕ ಕೂಡಲೇ ಅದನ್ನು ಗುರುತಿಸುವ 16 ಅಕ್ಷರ ಮತ್ತು ಅಂಕಿಗಳ ಸಿಎನ್‌ಆರ್ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಮುಂದೆ ಹೆಸರಿನ ಗೊಡವೆ ಇರುವುದಿಲ್ಲ.

ದಿವಾಳಿಯೆಂದು ಘೋಷಿಸಿದ ಆದೇಶವನ್ನು ಕಾಯಿದೆಯ 30ನೇ ಕಲಮಿನಂತೆ ರಾಜ್ಯಪತ್ರದಲ್ಲಿ ಪ್ರಕಟಿಸಬೇಕು. ಆಸ್ತಿಯ ಹಳೆಯ ಇತಿಹಾಸ ಹುಡುಕುವವರು ಒಂದು ವಿಷಯ ಗಮನಿಸಬೇಕು: 1956ರ ನವೆಂಬರ್ 1ರವರೆಗೆ ಕೊಡಗು ಪ್ರತ್ಯೇಕ ರಾಜ್ಯವಾಗಿತ್ತಾದ್ದರಿಂದ ಅದಕ್ಕೂ ಹಿಂದಿನ ಪ್ರಕಟಣೆಗಳನ್ನು ಮೈಸೂರು ಗೆಜೆಟ್ಟಿನಲ್ಲಿ ಹುಡುಕಿ ಫಲವಿಲ್ಲ, ಕೂರ್ಗ್ ಗೆಜೆಟ್ಟನ್ನೇ ನೋಡಬೇಕು.

ಜಾಲತಾಣದಲ್ಲಿ ಸಿಗುವುದು ದಿನಾಂಕಗಳು ಮತ್ತು ಆದೇಶಗಳು ಮಾತ್ರ. ಅರ್ಜಿ ಮತ್ತು ಅದರ ಪಟ್ಟಿಗಳಿಗಾಗಿ ನ್ಯಾಯಾಲಯದ ನಕಲು ಶಾಖೆಯಲ್ಲಿ ದೃಢೀಕೃತ ಪ್ರತಿಗೆ ಅರ್ಜಿ ಕೊಡಬೇಕು. ಪ್ರಕರಣದಲ್ಲಿ ಪಕ್ಷಕಾರರಲ್ಲದವರು ತಮಗೆ ಪ್ರತಿ ಏಕೆ ಬೇಕೆಂದು ಪ್ರಮಾಣಪತ್ರದಲ್ಲಿ ತಿಳಿಸಿ ಅನುಮತಿ ಪಡೆಯಬೇಕಾಗುತ್ತದೆ. ಬಾಕಿಯ ಚೀಟಿಯ ನಕಲನ್ನು ಜೊತೆಗಿಟ್ಟರೆ ಕಾರಣ ಸ್ಪಷ್ಟವಾಗುತ್ತದೆ. ಮಾಹಿತಿ ಹಕ್ಕಿನಡಿ ಕೇಳುವೆನೆಂದು ಕಾಲ ಕಳೆಯಬೇಡಿ. ನ್ಯಾಯಾಂಗ ಕಡತಗಳ ಪ್ರತಿಯನ್ನು ನ್ಯಾಯಾಲಯದ ನಿಯಮಗಳ ಮೂಲಕವೇ ಪಡೆಯಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ತೀರ್ಪು ನೀಡಿದೆ.

ಕಡತದಲ್ಲಿ ನೋಡಬೇಕಾದುದು

ಎಲ್ಲಕ್ಕಿಂತ ಮೊದಲು, ಅರ್ಜಿ ಇನ್ನೂ ವಿಚಾರಣೆಯಲ್ಲಿದೆಯೇ ಅಥವಾ ದಿವಾಳಿಯೆಂಬ ಘೋಷಣೆ ಆಗಿದೆಯೇ ಎಂದು ನೋಡಿ. ಇವೆರಡರ ಅಂತರ ತಿಳಿಯದೆ ಹಣ ಕಳೆದುಕೊಳ್ಳುವ ಅಪಾಯವಿದೆ. ಘೋಷಣೆಯಾದ ಮೇಲೆ ಸಾಲಗಾರನ ಆಸ್ತಿ ನ್ಯಾಯಾಲಯದ ಅಥವಾ ಅದು ಆಸ್ತಿ ನೋಡಿಕೊಳ್ಳಲು ನೇಮಿಸಿದ ರಿಸೀವರ್ ಅವರ ವಶಕ್ಕೆ ಹೋಗುತ್ತದೆ ಮತ್ತು ನ್ಯಾಯಾಲಯದ ಅನುಮತಿಯಿಲ್ಲದೆ ಹೊಸ ದಾವೆ ಹೂಡುವಂತಿಲ್ಲ. ಆದರೆ ಅರ್ಜಿ ಹಾಕಿದ ಮಾತ್ರಕ್ಕೆ ಈ ತಡೆ ಹುಟ್ಟುವುದಿಲ್ಲ. ಮಾರಿದ ಸರಕಿನ ಹಣಕ್ಕೆ ದಾವೆ ಹೂಡಲು ಕಾಲಮಿತಿ ಸಾಮಾನ್ಯವಾಗಿ 3 ವರ್ಷ. ‘ಅವರು ಕೋರ್ಟಿಗೆ ಹೋಗಿದ್ದಾರೆ, ನೋಡೋಣ’ ಎಂದು ಕಾದವರ ಮೂರು ವರ್ಷ ಕಾಯುವುದರಲ್ಲೇ ಮುಗಿದು, ಕೊನೆಗೆ ಅರ್ಜಿ ವಜಾ ಆದರೆ ಅವರ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಘೋಷಣೆಯಾಗಿದ್ದರೆ ನಿಮಗೆ ಬರಬೇಕಾದ ಸಾಲವನ್ನು ರುಜುವಾತುಪಡಿಸಿ. 49ನೇ ಕಲಂ ಇದನ್ನು ಸರಳವಾಗಿಯೇ ಇಟ್ಟಿದೆ: ಲೆಕ್ಕದ ವಿವರ, ಅದಕ್ಕೆ ಆಧಾರವಾದ ಚೀಟಿಗಳ ಉಲ್ಲೇಖವುಳ್ಳ ಪ್ರಮಾಣಪತ್ರವನ್ನು ನ್ಯಾಯಾಲಯಕ್ಕೆ ಸಲ್ಲಿಸಬಹುದು ಅಥವಾ ನೋಂದಾಯಿತ ಅಂಚೆಯಲ್ಲಿ ಕಳುಹಿಸಬಹುದು. ಸಾಲಗಾರನಿಗೆ ಸಾಲಗಳ ಹೊಣೆಯಿಂದ ಬಿಡುಗಡೆಯ ಆದೇಶ ಸಿಗುವವರೆಗೂ ಇದಕ್ಕೆ ಅವಕಾಶವಿದೆ. ಮುಂದೆ ಘೋಷಣೆ ರದ್ದಾದರೆ, ನಡುವಿನ ಅವಧಿಯನ್ನು ಕಾಲಮಿತಿಯಿಂದ ಕಳೆಯುವ ಸೌಲಭ್ಯ ಸಿಗುವುದು ಸಾಲ ರುಜುವಾತುಪಡಿಸಿದವರಿಗೆ ಮಾತ್ರ. ಆಸ್ತಿ ಪಟ್ಟಿಯನ್ನೂ ಎಚ್ಚರದಿಂದ ಓದಿ. ದಿವಾಳಿ ಅರ್ಜಿ ಸಲ್ಲಿಕೆಗೆ ಹಿಂದಿನ 2 ವರ್ಷಗಳಲ್ಲಿ ಪ್ರತಿಫಲವಿಲ್ಲದೆ ಬಂಧುಗಳ ಹೆಸರಿಗೆ ಬರೆದುಕೊಟ್ಟ ತೋಟವನ್ನು ನ್ಯಾಯಾಲಯ ರದ್ದುಗೊಳಿಸಬಹುದು. ಇಂಥದ್ದು ಕಂಡರೆ ರಿಸೀವರ್ ಅವರಿಗೆ ಲಿಖಿತವಾಗಿ ತಿಳಿಸಿ. ಅಡಮಾನ ಪಡೆದ ಬ್ಯಾಂಕಿನ ಹಕ್ಕು ಮಾತ್ರ ಇದಾವುದರಿಂದಲೂ ಅಲುಗುವುದಿಲ್ಲ.

ಅರ್ಜಿ ಹಾಕುವವರಿಗೆ

ಸಾಲ ತೀರಿಸಲಾಗದವರು ಅರ್ಜಿ ಹಾಕುವುದು ಕಾನೂನು ಕೊಟ್ಟ ದಾರಿ, ಅದರಲ್ಲಿ ಅವಮಾನವಿಲ್ಲ. 2018ರ ಆಗಸ್ಟ್‌ನ ಭೂಕುಸಿತದಲ್ಲಿ ತೋಟವೇ ಜಾರಿಹೋದುದನ್ನು ಕಂಡ ಜಿಲ್ಲೆಗೆ ಇದನ್ನು ವಿವರಿಸಬೇಕಾಗಿಲ್ಲ. ಸಾಲ 500 ರೂಪಾಯಿ ತಲುಪಿರಬೇಕು, ಇಲ್ಲವೇ ಹಣದ ಡಿಕ್ರಿಯ ಜಾರಿಯಲ್ಲಿ ಬಂಧನವೋ ಆಸ್ತಿ ಜಪ್ತಿಯೋ ಆಗಿರಬೇಕು. ನೂರು ವರ್ಷ ಹಿಂದಿನ ಈ ಮೊತ್ತ ಯಾರನ್ನೂ ಹೊರಗಿಡುವುದಿಲ್ಲ. ಕಷ್ಟವಿರುವುದು 13ನೇ ಕಲಂ ಕೇಳುವ ಪಟ್ಟಿಗಳಲ್ಲಿ: ಸಾಲ ಕೊಟ್ಟ ಪ್ರತಿಯೊಬ್ಬರ ಹೆಸರು, ವಿಳಾಸ, ಮೊತ್ತ, ತನ್ನ ಎಲ್ಲ ಆಸ್ತಿ, ಅದರ ಬೆಲೆ, ಅದಿರುವ ಜಾಗ, ಹಿಂದೆ ಇಂಥ ಅರ್ಜಿ ಹಾಕಿದ್ದರೆ ಅದರ ವಿವರ. ಒಕ್ಕದ (ಕೊಡವ ಮನೆತನದ) ವಂಶಪಾರಂಪರ್ಯದ ಜಮ್ಮಾ ಭೂಮಿಯಲ್ಲಿ ಹಲವರ ಹಕ್ಕು ಸೇರಿರುವಾಗ, ಇಡೀ ಭೂಮಿಯನ್ನು ತನ್ನದೆಂದು ತೋರಿಸುವುದೂ ತಪ್ಪು, ತನ್ನ ಪಾಲನ್ನು ಮುಚ್ಚಿಡುವುದೂ ತಪ್ಪು. ಪಹಣಿಯನ್ನು ವಕೀಲರ ಮುಂದಿಟ್ಟು ಪಾಲನ್ನು ನಿರ್ಧರಿಸಿಕೊಂಡೇ ಬರೆಯಬೇಕು.

ಕೃಷಿಕನು ವಾಸಿಸುವ ಮನೆ, ಬೇಸಾಯದ ಉಪಕರಣಗಳು, ಅಡುಗೆ ಪಾತ್ರೆ, ಧಾರ್ಮಿಕ ರೂಢಿಯಂತೆ ಹೆಂಗಸರು ತೆಗೆಯಬಾರದ ಆಭರಣ ಇವು ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನಡಿ ಜಪ್ತಿಯಿಂದ ಹೊರಗಿರುವುದರಿಂದ ರಿಸೀವರ್ ಅವರ ಕೈಗೆ ಹೋಗುವುದಿಲ್ಲ. ನ್ಯಾಯಾಲಯ ಗೊತ್ತುಪಡಿಸಿದ ಅವಧಿಯೊಳಗೆ ಬಿಡುಗಡೆಗೆ ಪ್ರತ್ಯೇಕ ಅರ್ಜಿ ಹಾಕದಿದ್ದರೆ ಘೋಷಣೆಯೇ ರದ್ದಾಗುತ್ತದೆ. ಬಿಡುಗಡೆ ಸಿಕ್ಕಿದರೂ ಸರ್ಕಾರದ ಬಾಕಿ, ವಂಚನೆಯಿಂದ ಮಾಡಿದ ಸಾಲ, ಜೀವನಾಂಶ ತೀರುವುದಿಲ್ಲ. ಜಾಮೀನು ಹಾಕಿದ ನೆರೆಯವರ ಹೊಣೆಯೂ ಹಾಗೆಯೇ ಉಳಿಯುತ್ತದೆ, ಅವರಿಗೆ ಮೊದಲೇ ತಿಳಿಸುವುದು ಮಾನವೀಯತೆ.

ಕಂಪನಿಯಾಗಿದ್ದರೆ

ಕಂಪನಿಯ ವಿರುದ್ಧ ಪ್ರಕ್ರಿಯೆ ಆರಂಭಿಸಲು ಬಾಕಿ ಕನಿಷ್ಠ 1 ಕೋಟಿ ರೂಪಾಯಿ ಇರಬೇಕೆಂದು 2020ರ ಮಾರ್ಚ್ 24ರಿಂದ ನಿಗದಿಯಾಗಿರುವುದರಿಂದ ಸಣ್ಣ ಬೆಳೆಗಾರರು ತಾವಾಗಿ ಅರ್ಜಿ ಹಾಕುವುದು ಕಷ್ಟ. ಆದರೆ ಬೇರೆ ಯಾರದೋ ಅರ್ಜಿ ಅಂಗೀಕಾರವಾದರೆ, ಎಷ್ಟೇ ಚಿಕ್ಕ ಬಾಕಿಯಾದರೂ ಹಕ್ಕು ಮಂಡಿಸಬಹುದು. ದಿವಾಳಿ ಪ್ರಕ್ರಿಯೆ ನಡೆಸಲು ನೇಮಕವಾದ ವೃತ್ತಿಪರರು 3 ದಿನಗಳೊಳಗೆ ಒಂದು ಇಂಗ್ಲಿಷ್ ಮತ್ತು ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ಭಾರತೀಯ ದಿವಾಳಿ ಮಂಡಳಿಯ (ಐಬಿಬಿಐ) ಜಾಲತಾಣದಲ್ಲಿಯೂ ಅದು ಸಿಗುತ್ತದೆ. ಹಕ್ಕು ಮಂಡಿಸಲು ಮೊದಲ ಗಡುವು ನೇಮಕದ ದಿನದಿಂದ 14 ದಿನ. ಸರಕು ಕೊಟ್ಟವರು ‘ಬಿ’ ನಮೂನೆಯನ್ನೂ, ಸಂಬಳ ಬಾಕಿಯಿರುವ ಕಾರ್ಮಿಕರು ‘ಡಿ’ ನಮೂನೆಯನ್ನೂ ತುಂಬಿ ವೃತ್ತಿಪರರಿಗೇ ಕಳುಹಿಸಬೇಕು; ಅದಕ್ಕೆ ಬೆಂಗಳೂರಿಗೆ ಹೋಗುವ ಅಗತ್ಯವಿಲ್ಲ.

ವಕೀಲರನ್ನು ನೇಮಿಸಿಕೊಳ್ಳಲಾಗದ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕಡಿಮೆ ವರಮಾನದವರು ಮಡಿಕೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ನೆರವು ಕೇಳಬಹುದು. ಹೋಗುವಾಗ ಸಿಎನ್‌ಆರ್ ಸಂಖ್ಯೆ, ಮುಂದಿನ ವಿಚಾರಣೆಯ ದಿನಾಂಕ ಮತ್ತು ಚೀಟಿಗಳ ಮೂಲಪ್ರತಿಗಳು ಕೈಯಲ್ಲಿರಲಿ.